ರಿವರ್ಸ್ ಯಾಕೆ ತಡವಾಗಿ ಹಿಡೀತದ?

ಲಾರಿ ಹಿಂದಕ್ಕೆ ತಗೊಳ್ಳುವಾಗ ಕ್ಲೀನರ್ ಕೆಳಗಿಳಿದು ಗಾಡಿ ಹಿಂದೆ ನಿಲ್ತಾನೆ. ‘ಬರ್ಲಿ, ಬರ್ಲಿ’ ಅಂತಾನೆ. ಬೀದರ ಪೇಟೆಯಲ್ಲಾದರೆ ‘ಆನೆ ದೋ’ ಅಂತಾನೆ. ಚಾಲಕ ಸೆಲೆಕ್ಟರನ್ನು ರಿವರ್ಸಿಗೆ ಹಾಕ್ತಾನೆ. ಗಾಡಿ ಅಲುಗಾಡೋದಿಲ್ಲ. ಒಂದು ಸೆಕೆಂಡ್, ಎರಡು, ಮೂರು. ತಾಳ್ಮೆ ತಪ್ಪಿ ಆಕ್ಸಿಲರೇಟರ್ ಒತ್ತುತ್ತಾನೆ. ಅದೇ ಹೊತ್ತಿಗೆ ಗೇರು ‘ಧಡ್’ ಅಂತ ಹಿಡಿದು, ಗಾಡಿ ಹಿಂದಕ್ಕೆ ಜಿಗಿಯುತ್ತದೆ. ಕ್ಲೀನರ್ ನಿಂತಿರೋದು ಅಲ್ಲೇ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ರಿವರ್ಸ್ ತಡವಾಗಿ ಹಿಡಿಯೋದನ್ನು ‘ಸ್ವಲ್ಪ ಲೇಟ್ ಆಗ್ತದ, ನಡೀತದ ಬಿಡ್ರಿ’ ಅಂತ ತಳ್ಳಿಹಾಕುವ ಹಾಗಿಲ್ಲ ಅನ್ನೋದಕ್ಕೆ ಮೊದಲ ಕಾರಣ ಇದು. ಎರಡನೆಯದು ದುಡ್ಡು. ನಮ್ಮ ಜಿಲ್ಲೆಯಲ್ಲಿ ಇಂಥ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಬಲ್ಲ ಕೈಗಳು ಕಡಿಮೆ. ‘ಗೇರ್‌ಬಾಕ್ಸ್ ಹೋಗ್ಯದ, ಇಳಿಸಿ ಹೈದರಾಬಾದಿಗೆ ಕಳಿಸ್ರಿ’ ಅಂತ ಯಾರಾದರೂ ತೀರ್ಪು ಕೊಟ್ಟರೆ 140 ಕಿ.ಮೀ. ದೂರದ ಸಾಗಾಟ, ವಾರಗಟ್ಟಲೆ ನಿಂತ ಗಾಡಿ, ತಪ್ಪದೆ ಬರುವ ಸಾಲದ ಕಂತು ಎಲ್ಲ ಮಾಲೀಕನ ತಲೆ ಮೇಲೆ. ಎರಡು ಲೀಟರ್ ಆಯಿಲ್ ಕಡಿಮೆಯಾಗಿದ್ದರಿಂದಲೂ ಅದೇ ಲಕ್ಷಣ ಕಾಣಬಹುದು. ಹಾಗಾಗಿ ಈ ಪಾಠದಲ್ಲಿ ಸ್ಪ್ಯಾನರ್ ಕೈಗೆ ಬರೋದು ತೀರಾ ಕೊನೆಗೆ. ಅದಕ್ಕೂ ಮುಂಚೆ ಬೇಕಾಗಿರೋದು ಒಂದು ಸ್ಟಾಪ್‌ವಾಚ್, ಒಂದು ಥರ್ಮಾಮೀಟರ್, ಒಂದು ಕಾಗದ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಆಟೋಮ್ಯಾಟಿಕ್ ಲಾರಿ’ ಅಂತ ನಾವು ಕರೆಯುವುದರೊಳಗೆ ಎರಡು ಬೇರೆ ಬೇರೆ ಯಂತ್ರಗಳಿವೆ. ಒಂದು ಎಎಂಟಿ: ಒಳಗಿರೋದು ಮಾಮೂಲಿ ಹಲ್ಲಿನ ಗೇರು, ಮಾಮೂಲಿ ಕ್ಲಚ್ಚು, ಒತ್ತುವ ಕಾಲು, ಬದಲಿಸುವ ಕೈಯ ಜಾಗದಲ್ಲಿ ಮಾತ್ರ ಗಾಳಿಯಿಂದಲೋ ಮೋಟಾರಿನಿಂದಲೋ ನಡೆಯುವ ಸಾಧನ. ಇದರಲ್ಲಿ ರಿವರ್ಸ್ ತಡವಾದರೆ ಏರ್ ಟ್ಯಾಂಕಿನ ಒತ್ತಡ, ಕ್ಲಚ್ಚಿನ ಸವೆತ, ಹಲ್ಲಿಗೆ ಹಲ್ಲು ಎದುರಾಗಿ ನಿಲ್ಲೋದು ಇವನ್ನು ನೋಡಬೇಕು. ಇನ್ನೊಂದು ನಿಜವಾದ ಆಟೋಮ್ಯಾಟಿಕ್: ಟಾರ್ಕ್ ಕನ್ವರ್ಟರ್, ಪ್ಲಾನೆಟರಿ ಗೇರು, ಆಯಿಲ್ ಒತ್ತಡದಿಂದ ಕಚ್ಚುವ ಕ್ಲಚ್ ಪ್ಯಾಕು. ಫೈರ್ ಎಂಜಿನ್, ವಿಮಾನ ನಿಲ್ದಾಣದ ವಾಹನ, ಗಣಿಯ ಡಂಪರ್, ಕೆಲವು ಟಿಪ್ಪರ್‌ಗಳಲ್ಲಿ ಕಾಣುವ ಆಲಿಸನ್ ಗೇರ್‌ಬಾಕ್ಸ್ ಈ ಜಾತಿಯದು. ಚೆನ್ನೈ ಹತ್ತಿರದ ಒರಗಡಂನಲ್ಲಿ ಇದರ ಕಾರ್ಖಾನೆ ಇದೆ. 2022ರಲ್ಲಿ ಇಲ್ಲಿಗೆ ಬಂದ ಟೊಯೋಟಾ ಹೈಲಕ್ಸ್ ಪಿಕಪ್ಪಿನ ಆರು ಗೇರಿನ ಆಟೋಮ್ಯಾಟಿಕ್ ಕೂಡ ಇದೇ ಜಾತಿ. ನಾವು ಮಾತಾಡೋದು ಈ ಎರಡನೆಯದರ ಬಗ್ಗೆ.

ಬೀದರದಲ್ಲಿ ಇಂಥ ಲಾರಿ ಎಲ್ಲಿ ನೋಡೋದು ಅಂತ ಕೇಳಿದರೆ, ಲಾರಿ ಸಿಗದಿದ್ದರೆ ಜೆಸಿಬಿ ನೋಡ್ರಿ. ಔರಾದ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಒಂದು ನಿಂತಿರ್ತದೆ. ಬ್ಯಾಕ್‌ಹೋ ಲೋಡರಿನಲ್ಲಿ ಸ್ಟಿಯರಿಂಗ್ ಪಕ್ಕದ ಸಣ್ಣ ಲಿವರ್ ಒತ್ತಿದರೆ ಗಾಡಿ ಮುಂದಕ್ಕೆ, ಎಳೆದರೆ ಹಿಂದಕ್ಕೆ. ಅದರೊಳಗೂ ಟಾರ್ಕ್ ಕನ್ವರ್ಟರ್ ಇದೆ, ಮುಂದಕ್ಕೊಂದು ಹಿಂದಕ್ಕೊಂದು ಆಯಿಲ್ ಕ್ಲಚ್ ಪ್ಯಾಕ್ ಇದೆ. ಒಂದು ದಿನಕ್ಕೆ ನೂರಾರು ಸಲ ಮುಂದೆ-ಹಿಂದೆ ಆಗುವ ಯಂತ್ರ ಅದು. ಅದರ ಆಪರೇಟರಿಗೆ ರಿವರ್ಸ್ ಹಿಡಿಯುವ ಹೊತ್ತು ಬೆನ್ನಿಗೇ ಗೊತ್ತಾಗಿರ್ತದೆ.

ಈಗ ಒಳಗೆ ಏನಾಗ್ತದೆ ನೋಡೋಣ. ರಿವರ್ಸ್ ಹಾಕಿದಾಗ ಸೊಲೆನಾಯ್ಡ್ ತೆರೆದು, ವಾಲ್ವ್ ಬಾಡಿಯ ಮೂಲಕ ಪಂಪಿನ ಆಯಿಲ್ ಕ್ಲಚ್ಚಿನ ಪಿಸ್ಟನ್ ಹಿಂದೆ ಹೋಗುತ್ತದೆ. ಪಿಸ್ಟನ್ ಬಳೆಯ ಆಕಾರದ್ದು. ಹೊರಗಿನ ತ್ರಿಜ್ಯ 10 ಸೆಂ.ಮೀ., ಒಳಗಿನದು 7 ಅಂದುಕೊಂಡರೆ ವಿಸ್ತೀರ್ಣ ಸುಮಾರು 160 ಚದರ ಸೆಂ.ಮೀ. ಒತ್ತಡ 14 ಬಾರ್ ಅಂತಿಟ್ಟರೆ ತಟ್ಟೆಗಳ ಮೇಲೆ ಬೀಳುವ ಬಲ ಸುಮಾರು 22,000 ನ್ಯೂಟನ್; ಎರಡು ಟನ್ನಿಗಿಂತ ಜಾಸ್ತಿ ಭಾರ ಹೇರಿದ ಹಾಗೆ. ಆದರೆ ಆ ಬಲ ಹುಟ್ಟೋದು ಪಿಸ್ಟನ್ ಸರಿದು ತಟ್ಟೆಗಳ ಸಂದು ಮುಚ್ಚಿದ ಮೇಲೆ. ಅಲ್ಲಿಯವರೆಗೆ ಆಯಿಲ್ ಬರೀ ಜಾಗ ತುಂಬಿಸ್ತಾ ಇರ್ತದೆ. ಆ ತುಂಬುವ ಹೊತ್ತನ್ನೇ ಚಾಲಕ ‘ತಡ’ ಅಂತ ಅನುಭವಿಸೋದು.

ಲೆಕ್ಕ ಹಾಕಿ. ಪಿಸ್ಟನ್ 3 ಮಿ.ಮೀ. ಸರಿಯಬೇಕು ಅಂದರೆ ತುಂಬಬೇಕಾದ ಆಯಿಲ್ 48 ಸಿಸಿ. ಆ ದಾರಿಗೆ ಪಂಪಿನಿಂದ ಸೆಕೆಂಡಿಗೆ 100 ಸಿಸಿ ಬರ್ತದೆ ಅನ್ನೋಣ. ಸೋರಿಕೆ ಇಲ್ಲದಿದ್ದರೆ 0.48 ಸೆಕೆಂಡಿಗೆ ತುಂಬಿತು. ಸವೆದ ಸೀಲಿನಿಂದ ಸೆಕೆಂಡಿಗೆ 50 ಸಿಸಿ ಸೋರಿದರೆ ತುಂಬೋಕೆ ಉಳಿಯೋದು 50. ಹೊತ್ತು ಸುಮಾರು ಒಂದು ಸೆಕೆಂಡ್. 80 ಸೋರಿದರೆ 2.4 ಸೆಕೆಂಡ್. 90 ಸೋರಿದರೆ 4.8! ಸೋರಿಕೆ 0ಯಿಂದ 50ಕ್ಕೆ ಏರಿದಾಗ ಯಾರಿಗೂ ಗೊತ್ತಾಗಲಿಲ್ಲ; 80ರಿಂದ 90ಕ್ಕೆ ಏರಿದಾಗ ತಡ ಇಮ್ಮಡಿಯಾಯಿತು. ‘ನಿನ್ನೆ ತನಕ ಚಲೋ ಇತ್ತು, ಇವತ್ತು ಒಮ್ಮೆಲೆ ಹಿಂಗಾಯ್ತು’ ಅಂತ ಚಾಲಕ ಹೇಳಿದರೆ ಅವನು ಸುಳ್ಳು ಹೇಳ್ತಿಲ್ಲ, ಹಾಗಂತ ಯಾವುದೋ ಭಾಗ ನಿನ್ನೆ ರಾತ್ರಿ ಮುರಿಯಿತು ಅಂತಲೂ ಅಲ್ಲ. ಈ ಅಂಕಿಗಳು ಲೆಕ್ಕಕ್ಕಾಗಿ ನಾವೇ ಇಟ್ಟವು, ನಿಜದಲ್ಲಿ ಸೋರಿಕೆ ಒತ್ತಡದ ಜೊತೆಗೂ ಬದಲಾಗುತ್ತದೆ. ಆದರೂ ವಕ್ರರೇಖೆಯ ಆಕಾರ ಇದೇ.

ಇನ್ನೊಂದು ಮಾತು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಿಂದಲೇ ಬರ್ತದೆ. ಕಿರಿದಾದ ಸಂದಿನಲ್ಲಿ ಹರಿಯುವ ದ್ರವದ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ, ಸ್ನಿಗ್ಧತೆ ಹೆಚ್ಚಿದಷ್ಟೂ ಇಳಿಯುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಪರೀಕ್ಷೆಗೆ ಬರೆದು ಮರೆತ ಈ ಸಮೀಕರಣ ಗ್ಯಾರೇಜಿನಲ್ಲಿ ಹೀಗೆ ಎದುರಾಗ್ತದೆ ಅಂತ ಯಾರೂ ಹೇಳಿರಲಿಲ್ಲ. ಸ್ನಿಗ್ಧತೆ ಎಷ್ಟು ಬದಲಾಗ್ತದೆ ಅಂದರೆ, ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ 40 ಡಿಗ್ರಿಯಲ್ಲಿ ಸುಮಾರು 35 ಸೆಂಟಿಸ್ಟೋಕ್ ಇದ್ದದ್ದು 100 ಡಿಗ್ರಿಗೆ 7–8ಕ್ಕೆ ಇಳಿದಿರ್ತದೆ. ಡಿಸೆಂಬರ್ ಮುಂಜಾನೆಯ 10–12 ಡಿಗ್ರಿ ಚಳಿಯಲ್ಲಿ ಇನ್ನೂ ಹಲವು ಪಟ್ಟು ದಪ್ಪ. ಬೀದರ ಎತ್ತರದ ಬಯಲು, ಚಳಿಗಾಲದಲ್ಲಿ ಸ್ವೆಟರ್ ಬೇಕೇ ಬೇಕು. ಮೇ ತಿಂಗಳಲ್ಲಿ ಪಾರಾ 40 ದಾಟುತ್ತದೆ. ರೋಗ ಗುರುತಿಸುವವನಿಗೆ ಇದು ಬಿಟ್ಟಿ ಸಿಕ್ಕ ಪ್ರಯೋಗಾಲಯ.

ಹಾಗಾಗಿ ಮೊದಲ ಪರೀಕ್ಷೆ: ಹೊತ್ತು ಅಳೆಯೋದು. ಸಮತಟ್ಟು ಜಾಗ, ನಾಲ್ಕೂ ಚಕ್ರಕ್ಕೆ ಅಡ್ಡಗಲ್ಲು, ಪಾರ್ಕಿಂಗ್ ಬ್ರೇಕ್, ಕಾಲು ಬ್ರೇಕಿನ ಮೇಲೆ, ಗಾಡಿಯ ಹಿಂದೆ ಮುಂದೆ ಒಬ್ಬರೂ ಇರಕೂಡದು. ಎಂಜಿನ್ ಐಡಲಿನಲ್ಲಿ. ನ್ಯೂಟ್ರಲಿನಿಂದ ರಿವರ್ಸಿಗೆ ಹಾಕಿದ ಕ್ಷಣದಿಂದ ಗಾಡಿ ‘ಜಗ್ಗಿದ’ ಅನುಭವ ಬರುವವರೆಗೆ ಸ್ಟಾಪ್‌ವಾಚ್. ಮೂರು ಸಲ ಮಾಡಿ ಸರಾಸರಿ ತೆಗೀಬೇಕು, ಸಲ ಸಲಕ್ಕೂ ಒಂದು ನಿಮಿಷ ನ್ಯೂಟ್ರಲಿನಲ್ಲಿ ಬಿಡಬೇಕು. ಆಮೇಲೆ ಇದನ್ನೇ ಡ್ರೈವಿಗೂ. ಟೊಯೋಟಾದ ಹಲವು ಆಟೋಮ್ಯಾಟಿಕ್‌ಗಳ ಕೈಪಿಡಿ ಕೊಡುವ ಮಿತಿ ಡ್ರೈವಿಗೆ 1.2 ಸೆಕೆಂಡ್, ರಿವರ್ಸಿಗೆ 1.5 ಸೆಕೆಂಡ್. ದೊಡ್ಡ ಗಾಡಿಗೆ ಅದರದೇ ಕೈಪಿಡಿಯ ಅಂಕಿ ನೋಡಬೇಕು. ಆದರೆ ರಿವರ್ಸಿಗೆ ತುಸು ಜಾಸ್ತಿ ಹೊತ್ತು ಸಹಜ ಅನ್ನೋದು ಇದರಿಂದ ತಿಳೀತದೆ.

ಈ ಪರೀಕ್ಷೆ ಒಮ್ಮೆ ಮಾಡಿದರೆ ಅರ್ಧ ಮಾಹಿತಿ. ರಾತ್ರಿಯಿಡೀ ನಿಂತ ಗಾಡಿಗೆ ಮುಂಜಾನೆ, ಮತ್ತೆ ಒಂದು ಗಂಟೆ ಲೋಡ್ ಹೊಡೆದು ಕಾದ ಮೇಲೆ ಮಾಡಬೇಕು. ಆಗ ಕಾಗದದ ಮೇಲೆ ಒಂದು ಚಿತ್ರ ಮೂಡುತ್ತದೆ.

ಮುಂಜಾನೆ ಮೊಟ್ಟಮೊದಲ ಸಲ ಮಾತ್ರ ತಡ, ಎರಡನೇ ಸಲಕ್ಕೆ ಸರಿ, ಅದೂ ಡ್ರೈವ್ ರಿವರ್ಸ್ ಎರಡರಲ್ಲೂ: ಇದು ರಾತ್ರಿ ಕನ್ವರ್ಟರಿನ ಆಯಿಲ್ ಕೆಳಗಿಳಿದು ಹೋಗಿ ದಾರಿಗಳು ಖಾಲಿಯಾದ ಲಕ್ಷಣ. ಕ್ಲಚ್ಚಿಗೆ ಏನೂ ಆಗಿಲ್ಲ. ತುಂಬಬೇಕಾದ ಜಾಗವೇ ಆ ಒಂದು ಸಲ ದೊಡ್ಡದಾಗಿತ್ತು, ಅಷ್ಟೇ.

ತಣ್ಣಗಿರುವಷ್ಟು ಹೊತ್ತೂ ಪ್ರತಿ ಸಲ ತಡ, ಕಾದಂತೆ ಸುಧಾರಿಸುತ್ತದೆ: ಇಲ್ಲಿ ಒಂದು ಸೋಜಿಗ. ದಪ್ಪ ಆಯಿಲ್ ಕಡಿಮೆ ಸೋರಬೇಕಲ್ಲ, ಮತ್ತೆ ತಣ್ಣಗಿದ್ದಾಗ ತಡ ಯಾಕೆ? ಯಾಕಂದ್ರೆ ವರ್ಷಗಟ್ಟಲೆ ಕಾದು ಕಾದು ಗಡಸಾದ ರಬ್ಬರ್ ಸೀಲು ತಣ್ಣಗಿದ್ದಾಗ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಕೂರೋದಿಲ್ಲ. ಬಿಸಿಯಾದರೆ ಮೆದುವಾಗಿ ಕೂರುತ್ತದೆ. ಸಂದಿನ ಘನದ ಲೆಕ್ಕ ಸ್ನಿಗ್ಧತೆಯನ್ನು ಸೋಲಿಸಿಬಿಡುತ್ತದೆ. ಕಟ್ಟಿಕೊಂಡ ಫಿಲ್ಟರ್ ಕೂಡ ಇದೇ ಚಿತ್ರ ಕೊಡಬಲ್ಲದು, ದಪ್ಪ ಆಯಿಲನ್ನು ಪಂಪು ಅದರ ಮೂಲಕ ಎಳೆಯಲಾರದು.

ತಣ್ಣಗಿದ್ದಾಗ ಚಲೋ, ಕಾದ ಮೇಲೆ ತಡ: ತೆಳುವಾದ ಆಯಿಲ್ ಎಲ್ಲೋ ನುಣುಚಿಕೊಳ್ತಿದೆ. ಸವೆದ ಪಂಪು, ವಾಲ್ವ್ ಬಾಡಿಯಲ್ಲಿ ಸವೆದ ರಂಧ್ರ, ಗ್ಯಾಸ್ಕೆಟ್. ಅಥವಾ ಆಯಿಲ್ ಅತಿಯಾಗಿ ಕಾಯ್ತಿದೆ. ಇಲ್ಲಿ ನಮ್ಮ ಮಣ್ಣಿನ ಮಾತು ಬರಲೇಬೇಕು. ಬೀದರದ ಸುತ್ತ ಕೆಂಪು ಜಂಬಿಟ್ಟಿಗೆ. ಬಹಮನಿಗಳ ಕಾಲದಲ್ಲಿ ಸುರಂಗ ಬಾವಿ ಕೊರೆದದ್ದು ಇದರಲ್ಲೇ. ಅದರ ಗಣಿಯ ಧೂಳು ಕೂಲರಿನ ರೆಕ್ಕೆಗಳ ನಡುವೆ ಕೂತು ಗಾಳಿ ಹಾಯದಂತೆ ಮಾಡ್ತದೆ. ಭಾಲ್ಕಿ, ಔರಾದ ಕಡೆ ಎರೆಭೂಮಿ. ಮಳೆಗಾಲದಲ್ಲಿ ಆ ಮಣ್ಣು ಅಂಟಿ ಒಣಗಿದರೆ ಇಟ್ಟಿಗೆಯೇ. ಗೇರ್‌ಬಾಕ್ಸನ್ನು ಬೈಯೋಕೆ ಮುಂಚೆ ಕೂಲರ್ ತೊಳೆದು ಮತ್ತೆ ಹೊತ್ತು ಅಳೆಯೋದು ಒಂದು ತಾಸಿನ ಕೆಲಸ.

ಚಿತ್ರ ಯಾವುದೇ ಬರಲಿ, ಆಯಿಲ್ ಮಟ್ಟ ನೋಡದೆ ಮುಂದೆ ಹೋಗಕೂಡದು. ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿ ಎಳೆದು ನೊರೆ ಕಳಿಸುತ್ತದೆ. ನೊರೆ ಹಿಸುಕಿದರೆ ಕುಗ್ಗುತ್ತದೆ, ಒತ್ತಡ ಹುಟ್ಟೋದಿಲ್ಲ. ಮಟ್ಟ ಜಾಸ್ತಿಯಿದ್ದರೂ ತಿರುಗುವ ಗೇರುಗಳು ಆಯಿಲಿಗೆ ತಾಗಿ ಕಡೆದು ಅದೇ ನೊರೆ. ಅಳೆಯುವಾಗ ಬಿಸಿ ಎಷ್ಟಿತ್ತು ಅನ್ನೋದೂ ಮುಖ್ಯ: 25 ಲೀಟರ್ ಆಯಿಲ್ 60 ಡಿಗ್ರಿ ಹೆಚ್ಚು ಕಾದರೆ ಸುಮಾರು ಒಂದು ಲೀಟರ್ ಉಬ್ಬುತ್ತದೆ. ತಣ್ಣಗಿದ್ದಾಗ ತಡ, ಕಾದ ಮೇಲೆ ಸರಿ ಅನ್ನುವ ಚಿತ್ರ ಗಡಸು ಸೀಲಿನದೇ ಅಂತ ನಂಬಿ ಹೊರಟವರಿಗೆ ಈ ಒಂದು ಲೀಟರ್ ಅಡ್ಡ ಬರುತ್ತದೆ. ಕಾದು ಉಬ್ಬಿದ್ದರಿಂದ ಮಟ್ಟ ಏರಿ ಪಂಪಿನ ಬಾಯಿ ಮುಳುಗಿರಬಹುದು. ಅದನ್ನು ಬೇರ್ಪಡಿಸೋಕೆ ಇಳಿಜಾರು ಸಹಾಯ ಮಾಡ್ತದೆ. ಗಣಿಯ ಇಳಿಜಾರಿನಲ್ಲಿ ನಿಂತಾಗ ಮಾತ್ರ ರಿವರ್ಸ್ ತಡ, ಸಮತಟ್ಟಿನಲ್ಲಿ ಸರಿ ಅಂತ ಚಾಲಕ ಹೇಳಿದರೆ ಸೀಲಿನ ಮಾತು ಬಿಟ್ಟು ಮಟ್ಟ ನೋಡ್ರಿ. ಸೀಲಿಗೆ ಇಳಿಜಾರು ಗೊತ್ತಾಗೋದಿಲ್ಲ, ಸಂಪಿನೊಳಗೆ ಒಂದು ಕಡೆ ಸರಿದ ಆಯಿಲಿಗೆ ಗೊತ್ತಾಗ್ತದೆ.

ಆಲಿಸನ್‌ನ ಒತ್ತುಗುಂಡಿ ಸೆಲೆಕ್ಟರ್ ಇದ್ದು ಒಳಗೆ ಮಟ್ಟದ ಸೆನ್ಸರ್ ಇದ್ದರೆ, ನ್ಯೂಟ್ರಲಿನಲ್ಲಿ ನಿಲ್ಲಿಸಿ ಮೇಲಿನ ಕೆಳಗಿನ ಬಾಣದ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಅದೇ ಹೇಳ್ತದೆ: ಸರಿಯಿದೆ, ಇಷ್ಟು ಕಡಿಮೆ, ಇಷ್ಟು ಜಾಸ್ತಿ. ಗಾಡಿ ನಿಂತ ಕೂಡಲೇ ಒತ್ತಿದರೆ ಆಯಿಲ್ ಕೆಳಗಿಳಿಯಲಿ ಅಂತ ಕಾಯಿಸುತ್ತದೆ, 8ರಿಂದ 1ಕ್ಕೆ ಎಣಿಸುತ್ತಾ. ಆ ಎರಡು ನಿಮಿಷ ಕಾಯದೆ ಬಿಟ್ಟುಬಿಡುವವರೇ ಜಾಸ್ತಿ.

ಕೆಲವು ತಡಗಳು ದೋಷವೇ ಅಲ್ಲ. ಎಂಜಿನ್ ವೇಗ ಐಡಲಿಗಿಂತ ತುಂಬಾ ಮೇಲಿದ್ದಾಗ, ಟಿಪ್ಪರ್ ಎತ್ತುವ ಪಂಪಿಗಾಗಿ ವೇಗ ಏರಿಸಿದ್ದಾಗ, ರಿವರ್ಸ್ ಹಾಕಿದರೆ ಆಲಿಸನ್‌ನ ಗಣಕ, ಅಂದರೆ ಟಿಸಿಎಂ, ಕೊಡೋದಿಲ್ಲ. ವೇಗ ಇಳಿಸಿ ಮತ್ತೊಮ್ಮೆ ಗುಂಡಿ ಒತ್ತಬೇಕು. ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿದ್ದರೂ ಹಾಗೇ. ಚಾಲಕ ಕಾಯುತ್ತಾನೆ, ಯಂತ್ರ ಅವನಿಗಾಗಿ ಕಾಯುತ್ತದೆ! ಇದನ್ನು ಚಾಲಕನ ಪಕ್ಕ ಕೂತು ಅವನು ಹೇಗೆ ಹಾಕ್ತಾನೆ ನೋಡಿದರೇ ತಿಳಿಯೋದು. ಜೊತೆಗೆ ಬ್ಯಾಟರಿ ವೋಲ್ಟೇಜ್, ಕನೆಕ್ಟರಿನಲ್ಲಿ ತುಕ್ಕು, ದಾಖಲಾದ ಫಾಲ್ಟ್ ಕೋಡ್ ಇವನ್ನೆಲ್ಲ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಬೇಕು.

ಇಷ್ಟಾದ ಮೇಲೂ ತಡ ಉಳಿದಿದ್ದರೆ ಪಾಠದ ಸೊಗಸಾದ ಭಾಗ ಶುರು. ಆಲಿಸನ್ 3000 ಸರಣಿಯಲ್ಲಿ ಐದು ಕ್ಲಚ್ಚುಗಳಿವೆ, ಸಿ-1ರಿಂದ ಸಿ-5. ಪ್ರತಿ ಗೇರಿಗೆ ಎರಡು ಕಚ್ಚಿರಬೇಕು. ಒಂದನೇ ಗೇರಿಗೆ ಸಿ-1, ಸಿ-5. ಎರಡಕ್ಕೆ ಸಿ-1, ಸಿ-4. ಮೂರಕ್ಕೆ ಸಿ-1, ಸಿ-3. ನಾಲ್ಕಕ್ಕೆ ಸಿ-1, ಸಿ-2. ಐದಕ್ಕೆ ಸಿ-2, ಸಿ-3. ಆರಕ್ಕೆ ಸಿ-2, ಸಿ-4. ರಿವರ್ಸಿಗೆ ಸಿ-3, ಸಿ-5. ಗಾಡಿ ನಿಂತಿರುವಾಗ ನ್ಯೂಟ್ರಲಿನಲ್ಲೂ ಸಿ-5 ಕಚ್ಚಿಕೊಂಡೇ ಇರ್ತದೆ.

ಈ ಪಟ್ಟಿಯನ್ನು ಒಂದು ಟಿಪ್ಪರಿಗೆ ಹಚ್ಚಿ ನೋಡೋಣ. ಮುಂಜಾನೆ 12 ಡಿಗ್ರಿಯಲ್ಲಿ ರಿವರ್ಸಿಗೆ ಮೂರು ಸಲವೂ 3.3 ಸೆಕೆಂಡಿನ ಆಸುಪಾಸು, ಡ್ರೈವಿಗೆ 0.8. ಕಾದ ಮೇಲೆ ರಿವರ್ಸ್ 1.3, ಡ್ರೈವ್ 0.8. ಮಟ್ಟ ಸರಿಯಿದೆ, ಕೋಡ್ ಇಲ್ಲ ಅಂದುಕೊಳ್ಳಿ. ಡ್ರೈವ್ ಬೇಗ ಹಿಡಿಯಿತು ಅಂದರೆ ಪಂಪು ಸರಿ, ಫಿಲ್ಟರ್ ಸರಿ; ಅವೆರಡೂ ಎಲ್ಲ ಗೇರಿಗೂ ಒಂದೇ. ಸಿ-5 ನ್ಯೂಟ್ರಲಿನಲ್ಲೇ ಕಚ್ಚಿದೆ, ಒಂದನೇ ಗೇರಿನಲ್ಲೂ ಕೆಲಸ ಮಾಡ್ತಿದೆ, ಅದರ ಮೇಲೂ ಅನುಮಾನ ಬೇಡ. ನ್ಯೂಟ್ರಲಿನಿಂದ ರಿವರ್ಸಿಗೆ ಹೋಗುವಾಗ ಹೊಸದಾಗಿ ತುಂಬಬೇಕಾದ್ದು ಒಂದೇ, ಸಿ-3. ಇನ್ನೂ ಒಂದು ಸುಳಿವು ಪಟ್ಟಿಯಲ್ಲೇ ಇದೆ: ಸಿ-3 ಮೂರು ಮತ್ತು ಐದನೇ ಗೇರಿನಲ್ಲೂ ಬರ್ತದೆ. ತಣ್ಣಗಿರುವಾಗಲೇ ಖಾಲಿ ರಸ್ತೆಯಲ್ಲಿ ಓಡಿಸಿ ಎರಡರಿಂದ ಮೂರಕ್ಕೆ, ನಾಲ್ಕರಿಂದ ಐದಕ್ಕೆ ಬದಲಾಗುವಾಗ ಎಂಜಿನ್ ವೇಗ ಒಮ್ಮೆ ಎಗರಿ ಇಳಿಯುತ್ತದೆಯೇ ನೋಡಬೇಕು. ಎಗರಿದರೆ ಸಿ-3ರ ಮೇಲಿನ ಅನುಮಾನ ಬಲವಾಯಿತು. ಎಗರದಿದ್ದರೆ ಸಿ-3 ನಿರ್ದೋಷಿ ಅಂತ ಹೇಳುವಂತಿಲ್ಲ. ಟಿಸಿಎಂ ಪ್ರತಿ ಬದಲಾವಣೆಯಿಂದ ಕಲಿತು ತುಂಬುವ ಹೊತ್ತನ್ನು ಮುಂಚಿತವಾಗಿ ಹೆಚ್ಚಿಸಿ ಸೋರಿಕೆಯನ್ನು ಮರೆಮಾಚಿರಬಹುದು.

ಸಿ-3, ಸಿ-4, ಸಿ-5 ತಿರುಗದ ಕ್ಲಚ್ಚುಗಳು, ಅವುಗಳ ಪಿಸ್ಟನ್ ಗೇರ್‌ಬಾಕ್ಸಿನ ಮೈಗೇ ಕೂತಿರ್ತದೆ. ಸಿ-1, ಸಿ-2 ತಿರುಗುವಂಥವು, ಅವಕ್ಕೆ ಆಯಿಲ್ ಮುಟ್ಟಿಸಲು ತಿರುಗುವ ಜಾಗದಲ್ಲಿ ಸೀಲಿಂಗ್ ರಿಂಗ್ ಬೇಕು. ರಿವರ್ಸಿನಲ್ಲಿ ತಿರುಗುವ ಕ್ಲಚ್ಚೇ ಇಲ್ಲ. ಆದ್ದರಿಂದ ನಮ್ಮ ಟಿಪ್ಪರಿನಲ್ಲಿ ಆ ರಿಂಗುಗಳನ್ನೂ ಪಟ್ಟಿಯಿಂದ ಹೊಡೆದುಹಾಕಬಹುದು. ಉಳಿದದ್ದು ಸಿ-3ರ ಪಿಸ್ಟನ್ ಸೀಲು, ಅಥವಾ ವಾಲ್ವ್ ಬಾಡಿಯಿಂದ ಅಲ್ಲಿಗೆ ಹೋಗುವ ದಾರಿ, ಸೊಲೆನಾಯ್ಡ್. ಒಂದು ಬೋಲ್ಟ್ ಕೂಡ ಸಡಿಲಿಸದೆ ಇಷ್ಟು ಹತ್ತಿರ ಬಂದೆವು.

ಈಗ ಪ್ರೆಶರ್ ಗೇಜ್. ಗೇರ್‌ಬಾಕ್ಸಿನ ಮೇಲೆ ಅದಕ್ಕಂತಲೇ ಮುಚ್ಚಳದ ತೂತುಗಳಿರುತ್ತವೆ. ಮುಖ್ಯ ಒತ್ತಡ ಕೈಪಿಡಿಯ ಪ್ರಕಾರ ಇದ್ದು ಸಿ-3ರದು ನಿಧಾನವಾಗಿ ತೆವಳುತ್ತಾ ಏರಿದರೆ ಸೋರಿಕೆ ಅದೇ ದಾರಿಯಲ್ಲಿ. ಬೇರೆ ಮಾದರಿಯ ಅಂಕಿ ತಂದು ಇಲ್ಲಿ ಹೋಲಿಸಕೂಡದು. ಆಮೇಲೆ ಆಯಿಲ್ ಇಳಿಸಿ, ಸಂಪ್ ತೆಗೆದು, ವಾಲ್ವ್ ಬಾಡಿ ಕಳಚಿ ಸಿ-3ರ ತೂತಿಗೆ ಕಡಿಮೆ ಒತ್ತಡದ ಒಣ ಗಾಳಿ ಬಿಡೋದು. ‘ಠಪ್’ ಅಂತ ಗಟ್ಟಿ ಸದ್ದು ಬಂದು ಗಾಳಿ ನಿಂತರೆ ಸೀಲು ಚಲೋ, ತಪ್ಪು ವಾಲ್ವ್ ಬಾಡಿಯದು. ಅದನ್ನು ಇಲ್ಲೇ ಸ್ವಚ್ಛ ಜಾಗದಲ್ಲಿ ಸರಿಮಾಡಬಹುದು. ‘ಸುಸ್’ ಅಂತ ಸೋರುತ್ತಲೇ ಇದ್ದರೆ ಸೀಲು. ಆಗ ಗೇರ್‌ಬಾಕ್ಸ್ ಇಳಿಸೋದು ಅನಿವಾರ್ಯ. ಸಂಪಿನ ತಳದಲ್ಲಿ ಕಪ್ಪು ಪುಡಿ ದಪ್ಪಗೆ ಕೂತು ಆಯಿಲ್ ಸುಟ್ಟ ವಾಸನೆ ಬಂದರೆ ತಟ್ಟೆಗಳೂ ಹೋಗಿವೆ ಅಂತ ಲೆಕ್ಕ.

ಸೀಲು ಉಬ್ಬಿಸುವ ಔಷಧಿ ಬಾಟಲಿ ಸಿಗ್ತದೆ, ಹಾಕಿದರೆ ಕೆಲವು ದಿನ ತಡ ಕಡಿಮೆಯೂ ಆದೀತು. ನಮಗೆ ಅದು ಇಷ್ಟವಿಲ್ಲ. ಸರಿಯಿದ್ದ ಸೀಲುಗಳನ್ನೂ ಅದು ಉಬ್ಬಿಸುತ್ತದೆ. ದಪ್ಪ ಎಂಜಿನ್ ಆಯಿಲ್ ಬೆರೆಸುವ ಉಪಾಯ ಇನ್ನೂ ಕೆಟ್ಟದ್ದು. ಚಳಿ ಮುಂಜಾನೆಗೆ ಪಂಪು ಅದನ್ನು ಎಳೆಯಲಾರದೆ ಹೊಸ ತಡ ಹುಟ್ಟಿಸ್ತದೆ. ಗಾಡಿ ರಿಪೇರಿಗೆ ಹೋಗುವವರೆಗೆ ಚಾಲಕನಿಗೆ ಹೇಳಬೇಕಾದ್ದು ಬೇರೆ: ರಿವರ್ಸ್ ಹಾಕಿ, ಗಾಡಿ ಜಗ್ಗುವವರೆಗೆ ಬ್ರೇಕಿನಿಂದ ಕಾಲು ತೆಗೀಬ್ಯಾಡ್ರಿ, ಆಕ್ಸಿಲರೇಟರ್ ಮುಟ್ಟಬ್ಯಾಡ್ರಿ. ಕ್ಲೀನರಿಗೆ ಹೇಳಬೇಕಾದ್ದು: ಹಿಂದೆ ನಡುವೆ ನಿಲ್ಲಬ್ಯಾಡ, ಚಾಲಕನ ಕನ್ನಡಿಯಲ್ಲಿ ಕಾಣುವ ಹಾಗೆ ಬದಿಗೆ ನಿಲ್ಲು.

ಸೀಲು ಬದಲಾಗಿ ಗೇರ್‌ಬಾಕ್ಸ್ ಮತ್ತೆ ಕೂತ ಮೇಲೆ ಟಿಸಿಎಂ ಹಳೆಯ ಸೋರಿಕೆಗೆ ಕಲಿತದ್ದನ್ನು ಮರೆಸಬೇಕು, ಇಲ್ಲದಿದ್ದರೆ ಹೊಸ ಸೀಲಿಗೆ ಹಳೆ ಹೊತ್ತಿನಷ್ಟು ಆಯಿಲ್ ನುಗ್ಗಿಸಿ ರಿವರ್ಸ್ ‘ಧಡ್’ ಅಂತ ಹೊಡೀತದೆ. ಸ್ಕ್ಯಾನ್ ಟೂಲಿನಿಂದ ಅದನ್ನು ಅಳಿಸಿ, ಆಯಿಲ್ ಕಾದ ಮೇಲೆ ಎಲ್ಲ ಗೇರುಗಳೂ ಬರುವಂತೆ ಹಲವು ಸಲ ಓಡಿಸಿ ಕಲಿಸಬೇಕು. ಮರುದಿನ ಮುಂಜಾನೆ ತಣ್ಣಗಿರುವಾಗ ಮೂರು ಸಲ, ಮಧ್ಯಾಹ್ನ ಕಾದಾಗ ಮೂರು ಸಲ ಮತ್ತೆ ಸ್ಟಾಪ್‌ವಾಚ್. ಆ ಅಂಕಿಗಳನ್ನು ಮೊದಲಿನ ಕಾಗದದಲ್ಲೇ ಹಳೆಯ ಅಂಕಿಗಳ ಪಕ್ಕ ಬರೆದು, ಒಂದು ಪ್ರತಿ ಮಾಲೀಕನ ಕೈಗೆ ಕೊಡಬೇಕು.